ಒಳಮೈಯಿಲ್ಲದ ಬಟ್ಟೆ

ಸಿಮೆಂಟು, ಗ್ಯಾಸ್ ಸ್ಟವ್ವು, ವಿದ್ಯುತ್ ತಂತಿ, ಬಾಟಲಿ ನೀರು, ಹೀಗೆ ನಮ್ಮ ದೇಶದಲ್ಲಿ ತಯಾರಾಗುವ ಸಾವಿರಾರು ವಸ್ತುಗಳಿಗೆ ಒಂದೊಂದು ಮಾನಕವಿದೆ, ಪ್ರತಿ ಮಾನಕಕ್ಕೂ ಒಂದು ಸಂಖ್ಯೆಯಿದೆ. ಆ ಪಟ್ಟಿಯ ಮೊದಲ ಸಂಖ್ಯೆ, ‘ಐಎಸ್ 1’, ರಾಷ್ಟ್ರಧ್ವಜದ್ದು. 1947ರ ಜನವರಿಯಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆ ಇದನ್ನು 1951ರಲ್ಲಿ ಪ್ರಕಟಿಸಿತು. ಅಡಿ, ಅಂಗುಲ ಹೋಗಿ ಮೀಟರು ಬಂದ ಮೇಲೆ 1964ರಲ್ಲಿ ಪರಿಷ್ಕರಿಸಿತು. 1968ರಲ್ಲಿ ಮತ್ತೊಮ್ಮೆ ತಿದ್ದಿತು. ಬಟ್ಟೆಯ ಎಳೆ, ಬಣ್ಣದ ಛಾಯೆ, ಚಕ್ರದ ವ್ಯಾಸ, ಹೊಲಿಯುವ ದಾರ, ಕಟ್ಟುವ ಹಗ್ಗ, ಯಾವುದನ್ನೂ ತಯಾರಕನ ಇಷ್ಟಕ್ಕೆ ಬಿಟ್ಟಿಲ್ಲ.

ಅಳತೆ ಇಷ್ಟು ಬಿಗಿಯಾಗಿದ್ದರೂ ಆ ಮಾನಕ ಕೇಳುವ ಬಟ್ಟೆ ಮಾತ್ರ ಖಾದಿ. ಅಂದರೆ ಕೈಯಲ್ಲಿ ನೂತ ನೂಲನ್ನು ಕೈಮಗ್ಗದಲ್ಲಿ ನೇಯ್ದದ್ದು. ಕೈನೂಲಿನಲ್ಲಿ ಏರುಪೇರು ಸಹಜ. ನೂಲುವವರ ಉಸಿರು, ದಣಿವು, ಹವೆಯ ತೇವ ಎಲ್ಲವೂ ಎಳೆಯ ದಪ್ಪದಲ್ಲಿ ದಾಖಲಾಗುತ್ತವೆ. ಅಂಗಿಗೋ ಪಂಚೆಗೋ ಆದರೆ ಆ ಏರುಪೇರನ್ನೇ ಖಾದಿಯ ಸೊಗಸು ಎಂದು ಮೆಚ್ಚುತ್ತೇವೆ. ಧ್ವಜದ ಬಟ್ಟೆಗೆ ಆ ರಿಯಾಯಿತಿ ಇಲ್ಲ. ಗಿರಣಿಗೆ ಸಲೀಸಾದ ಅಳತೆಯನ್ನು ಕೈಯಿಂದ ಮುಟ್ಟಬೇಕು. ಧ್ವಜ ತಯಾರಿಕೆಯ ಒಂದೊಂದು ಹಂತವನ್ನೂ ಈ ಒಂದು ಇಕ್ಕಟ್ಟಿನ ಕಡೆಯಿಂದ ನೋಡಿದರೆ ಕೆಲಸಗಾರರ ಕೈಚಳಕ ಎಲ್ಲೆಲ್ಲಿ ಅಡಗಿದೆ ಎಂಬುದು ತಿಳಿಯುತ್ತದೆ.

ಈ ಕಸುಬಿನ ನೆಲೆ ಉತ್ತರ ಕರ್ನಾಟಕ. ಧಾರವಾಡ ತಾಲ್ಲೂಕಿನ ಗರಗದಲ್ಲಿ 1954ರಲ್ಲಿ ಶುರುವಾದ ಖಾದಿ ಕೇಂದ್ರ ಬಹುಕಾಲ ಧ್ವಜದ ಬಟ್ಟೆಯನ್ನು ನೇಯ್ದುಕೊಟ್ಟಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾದದ್ದು 1957ರ ನವೆಂಬರ್ 1ರಂದು, ಕೆಲವು ಗಾಂಧಿವಾದಿಗಳ ಪ್ರಯತ್ನದಿಂದ. ಸುಮಾರು 17 ಎಕರೆಯ ಆವರಣ. ಒಳಗೆ ಬಣ್ಣದ ಮನೆ, ಮುದ್ರಣದ ಮೇಜುಗಳು, ಹೊಲಿಗೆ ವಿಭಾಗ. ಮಾನಕ ಸಂಸ್ಥೆಯ ಪರವಾನಗಿ ಪಡೆದು 2004ರ ಹೊತ್ತಿಗೆ ಇಲ್ಲಿ ಧ್ವಜ ತಯಾರಿಕೆ ಶುರುವಾಯಿತು. ಹಲವು ವರ್ಷ ಇಡೀ ದೇಶಕ್ಕೆ ಅಧಿಕೃತ ಧ್ವಜ ಹೋಗುತ್ತಿದ್ದದ್ದು ಈ ಒಂದೇ ಕಡೆಯಿಂದ. ಆದರೆ ಬೆಂಗೇರಿಗೆ ಬಟ್ಟೆ ಬರುವುದು ಬಾಗಲಕೋಟೆಯ ಕಡೆಯಿಂದ. ಹನುಮಪ್ಪನ ಗುಡಿಯಿಂದ ಹೆಸರಾದ ತುಳಸಿಗೇರಿಯ ಮಗ್ಗಗಳಿಂದ ಅದು ಇಳಿದು ಬರುತ್ತದೆ.

ಮಗ್ಗಕ್ಕೂ ಮೊದಲು ನೂಲು. ಖಾದಿ ಆಯೋಗದ ಹಂಜಿ ಘಟಕವೊಂದು ಚಿತ್ರದುರ್ಗದಲ್ಲಿದೆ. ಬೀಜ ತೆಗೆದು, ಹಿಂಜಿ, ಕಸ ಕಳೆದು, ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗುವಂತೆ ಬಾಚಿ, ಉದ್ದಕ್ಕೆ ಎಳೆದಿಟ್ಟ ಮೆತ್ತನೆಯ ಹತ್ತಿಯೇ ಹಂಜಿ. ಇಷ್ಟನ್ನು ಯಂತ್ರ ಮಾಡುತ್ತದೆ, ಅದಕ್ಕೆ ಆಕ್ಷೇಪವಿಲ್ಲ. ಹಂಜಿ ನೂಲಾಗುವ ಗಳಿಗೆಯಿಂದ ಕೈಯ ಕೆಲಸ ಶುರು. ಇಲ್ಲಿ ಬಳಸುವುದು ಗಾಂಧೀಜಿಯ ಚಿತ್ರಗಳಲ್ಲಿ ಕಾಣುವ ಒಂದೇ ಕದಿರಿನ ರಾಟಿಯನ್ನಲ್ಲ. ತಮಿಳುನಾಡಿನ ಏಕಾಂಬರನಾಥ ಎಂಬುವರು ರೂಪಿಸಿದ ಅಂಬರ ಚರಕ ಮುಂದೆ ಸುಧಾರಿಸುತ್ತ ಬಂದು, ಈಗ ಒಂದು ಹಿಡಿಕೆ ತಿರುಗಿಸಿದರೆ ಆರೋ ಎಂಟೋ ಕದಿರುಗಳು ಒಟ್ಟಿಗೆ ತಿರುಗುತ್ತವೆ. ಕದಿರು ಎಂದರೆ ನೂಲಿಗೆ ಹುರಿ ಕೊಟ್ಟು ಸುತ್ತಿಕೊಳ್ಳುವ ಕಡ್ಡಿ.

ಹೊರಗಿನವರಿಗೆ ಇದು ಹಿಡಿಕೆ ತಿರುಗಿಸುವ ಕೆಲಸವಾಗಿ ಕಂಡೀತು. ನಿಜವಾದ ಕೆಲಸ ಕಣ್ಣಿನದು. ಎಂಟು ಎಳೆಗಳನ್ನು ಏಕಕಾಲಕ್ಕೆ ಗಮನಿಸುತ್ತಿರಬೇಕು. ಒಂದು ಎಳೆ ಕಡಿದರೆ ಅದನ್ನು ಗಂಟಿಲ್ಲದಂತೆ ಹೊಸೆದು ಕೂಡಿಸಬೇಕು. ಎಳೆಯ ಉದ್ದಕ್ಕೂ ಹುರಿ ಒಂದೇ ಸಮ ಇರಬೇಕು: ಹುರಿ ಹೆಚ್ಚಾದ ಕಡೆ ನೂಲು ಗಡುಸಾಗಿ ಸುರುಟಿಕೊಳ್ಳುತ್ತದೆ, ಕಡಿಮೆಯಾದ ಕಡೆ ಉಬ್ಬಿ ಸಡಿಲವಾಗುತ್ತದೆ. ಈ ಸಡಿಲ ಜಾಗ ಆಗಲೇ ಕಣ್ಣಿಗೆ ಬೀಳಬೇಕೆಂದಿಲ್ಲ. ಮುಂದೆ ಬಣ್ಣದ ತೊಟ್ಟಿಗೆ ಬಿದ್ದಾಗ ಅದು ಅಕ್ಕಪಕ್ಕದ ಎಳೆಗಿಂತ ಹೆಚ್ಚು ಬಣ್ಣ ಕುಡಿದು ಗೆರೆಯಾಗಿ ಎದ್ದು ಕಾಣುತ್ತದೆ. ಕೇಸರಿ ಪಟ್ಟಿಯ ಸಮತೆ ಬಣ್ಣಗಾರರ ಕೈಗೆ ಬರುವ ಎಷ್ಟೋ ಮೊದಲೇ ಚರಕದ ಮುಂದೆ ನಿರ್ಧಾರವಾಗಿರುತ್ತದೆ.

ನೂತದ್ದನ್ನು ಲಡಿ ಮಾಡಿ ಒಪ್ಪಿಸುತ್ತಾರೆ. ಒಂದು ಲಡಿಯೆಂದರೆ 1,000 ಮೀಟರ್ ನೂಲು. ಕೂಲಿಯೂ ಲಡಿಯ ಲೆಕ್ಕದಲ್ಲೇ. 2023ರ ಏಪ್ರಿಲ್‌ನಲ್ಲಿ ಖಾದಿ ಆಯೋಗ ಈ ದರವನ್ನು ಲಡಿಗೆ ಏಳೂವರೆ ರೂಪಾಯಿಯಿಂದ 10 ರೂಪಾಯಿಗೆ ಏರಿಸಿತು, ಆಮೇಲೆ ಇನ್ನಷ್ಟು ಏರಿಸಿದೆ. ಹಾಗಿದ್ದರೂ ಒಂದು ಕಿಲೋಮೀಟರ್ ನೂಲಿಗೆ ಸಿಗುವುದು ಅಷ್ಟೇ ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು. ಈ ಕೆಲಸದಲ್ಲಿರುವವರು ಬಹುಪಾಲು ಹೆಂಗಸರು.

ನೇಯ್ಗೆಯಲ್ಲಿ ಎರಡು ಬಗೆಯ ಬಟ್ಟೆ ಬೇಕು. ಮೂರು ಬಣ್ಣದ ಪಟ್ಟಿಗಳಿಗೆ ಬೇಕಾದದ್ದು ‘ಬಂಟಿಂಗ್’ ಖಾದಿ. ಗಾಳಿಗೆ ಹಾರುವಷ್ಟು ಹಗುರ, ಗಾಳಿಗೆ ಹರಿಯದಷ್ಟು ಗಟ್ಟಿ, ಎರಡೂ ಗುಣ ಅದರಲ್ಲಿರಬೇಕು. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು ಹಾಸು, ಲಾಳಿಯಿಂದ ಅಡ್ಡಕ್ಕೆ ಹಾಯಿಸುವವು ಹೊಕ್ಕು. ಹಾಸಿನ ನೂಲಿಗೆ ಮೊದಲು ಗಂಜಿ ಹಾಕಿ ಒಣಗಿಸಬೇಕು, ಇಲ್ಲದಿದ್ದರೆ ಮಗ್ಗದ ತಿಕ್ಕಾಟಕ್ಕೆ ಕೈನೂಲು ತಡೆಯುವುದಿಲ್ಲ. ಪ್ರತಿ ಸಲ ಲಾಳಿ ಹಾದ ಮೇಲೆ ನೇಕಾರ ಹಣಿಗೆಯನ್ನು ತನ್ನ ಕಡೆಗೆ ಎಳೆದು ಹೊಕ್ಕನ್ನು ಬಡಿದು ಕೂಡಿಸುತ್ತಾನೆ. ಆ ಬಡಿತದ ಜೋರು ಬೆಳಗಿನಿಂದ ಸಂಜೆಯವರೆಗೆ ಒಂದೇ ಇರಬೇಕು. ಸ್ವಲ್ಪ ಮೆಲ್ಲಗೆ ಬಡಿದರೆ ಎಳೆಗಳ ನಡುವೆ ಸಂದು ಉಳಿಯುತ್ತದೆ, ಜೋರಾಗಿ ಬಡಿದರೆ ಬಟ್ಟೆ ದಟ್ಟವಾಗಿ ತೂಕ ಏರುತ್ತದೆ. ಇಂತಿಷ್ಟು ಜಾಗದಲ್ಲಿ ಇಂತಿಷ್ಟೇ ಎಳೆ ಎಂದು ಮಾನಕ ಹೇಳುತ್ತದೆ. ಭೂತಗನ್ನಡಿ ಇಟ್ಟು ಎಣಿಸುವವರ ಮುಂದೆ ನೇಕಾರನ ತೋಳಿನ ಒಂದು ದಿನದ ದಣಿವೂ ಬಯಲಾಗುತ್ತದೆ.

ಎರಡನೆಯದು ‘ಡಕ್’ ಖಾದಿ. ಧ್ವಜವನ್ನು ಕಂಬದ ಕಡೆಯಲ್ಲಿ ಹಿಡಿದಿಡುವ, ಹಗ್ಗ ಒಳಗೆ ಹಾಯುವ ದಪ್ಪನೆಯ ಪಟ್ಟಿ ಇದರಿಂದಾಗುತ್ತದೆ. ನೋಡಲು ಮಾಸಲು ಬಣ್ಣದ ಒರಟು ಬಟ್ಟೆ. ಧ್ವಜ ನೋಡುವವರು ಯಾರೂ ಇದನ್ನು ಗಮನಿಸುವುದಿಲ್ಲ. ಆದರೆ ನೇಯ್ಗೆಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಇದೇ. ಸಾಮಾನ್ಯ ಬಟ್ಟೆಯಲ್ಲಿ ಎರಡು ಎಳೆ ಹೆಣೆದುಕೊಂಡರೆ ಇದರಲ್ಲಿ ಮೂರು ಹೆಣೆದುಕೊಳ್ಳುತ್ತವೆ. ಇದನ್ನು ನೇಯಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಧ್ವಜದ ಭಾರ, ಗಾಳಿಯ ಎಳೆತ ಎಲ್ಲ ಕೊನೆಗೆ ಬಂದು ನಿಲ್ಲುವುದು ಈ ಪಟ್ಟಿಯ ಮೇಲೆ.

ಮಗ್ಗದಿಂದಿಳಿದ ಬಂಟಿಂಗ್ ಬೆಂಗೇರಿಗೆ ಬಂದ ಮೇಲೆ ಮೂರು ಪಾಲಾಗುತ್ತದೆ. ಒಂದು ಕೇಸರಿಗೆ, ಒಂದು ಹಸಿರಿಗೆ, ಒಂದು ಬಿಳಿಗೆ. ಬಿಳಿಯನ್ನು ಬಣ್ಣ ಹಾಕದೆ ಬಿಟ್ಟ ಬಟ್ಟೆ ಎಂದುಕೊಳ್ಳುವಂತಿಲ್ಲ. ಹತ್ತಿಯ ಸಹಜ ಬಣ್ಣ ಕೆನೆಯ ಛಾಯೆಯದು. ಗಂಜಿ, ಎಣ್ಣೆಯಂಶ, ಕಸದ ಕಲೆ ಎಲ್ಲ ಹೋಗುವಂತೆ ಕುದಿಸಿ, ಬ್ಲೀಚ್ ಮಾಡಿ, ತೊಳೆದ ಮೇಲೆಯೇ ಅದು ಧ್ವಜದ ಬಿಳಿಯಾಗುವುದು. ನಾಲ್ಕು ಬಣ್ಣಗಳಿಗೂ, ಬಿಳಿಯೂ ಸೇರಿ, ಮಾನಕದಲ್ಲಿ ಅಂಕಿಗಳಿವೆ. ಬಣ್ಣವನ್ನು ಉಪಕರಣದಿಂದ ಅಳೆದು ಹೇಳುವ ಅಂತರರಾಷ್ಟ್ರೀಯ ಪದ್ಧತಿಯ ಅಂಕಿಗಳು ಇವು. ಇಬ್ಬರ ಕಣ್ಣಿಗೆ ಎರಡು ಥರ ಕಾಣುವ ಕೇಸರಿಯ ಬಗ್ಗೆ ವಾದಕ್ಕೆ ಎಡೆಯೇ ಇರಬಾರದೆಂದು ಈ ಏರ್ಪಾಡು. ಬಿಸಿಲಿಗೆ ಮಾಸದೆ, ಮಳೆಗೆ ಕೇಸರಿ ಇಳಿದು ಬಿಳಿಯ ಮೇಲೆ ಹರಿಯದೆ ನಿಲ್ಲಬೇಕು. ಬಣ್ಣದ ಪರೀಕ್ಷೆಯಲ್ಲಿ ಇವೆರಡೂ ಇವೆ.

ಕತ್ತರಿಸುವುದು ಇದೆಲ್ಲ ಮುಗಿದ ಮೇಲೆ. ಬಟ್ಟೆ ನೀರಿಗೆ ಬಿದ್ದು ಒಣಗಿದಾಗಲೆಲ್ಲ ಕುಗ್ಗುವುದರಿಂದ, ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಅಳತೆಗೆ ಅರ್ಥ. ಧ್ವಜಕ್ಕೆ 9 ಗಾತ್ರಗಳು ನಿಗದಿಯಾಗಿವೆ. ಅತಿ ದೊಡ್ಡದು 6,300 ಮಿಲಿಮೀಟರ್ ಉದ್ದ, 4,200 ಮಿಲಿಮೀಟರ್ ಅಗಲ. ಒಂದು ಕೋಣೆಯ ನೆಲವನ್ನೇ ಮುಚ್ಚುವಂಥದ್ದು. ಅತಿ ಚಿಕ್ಕದು 150ಕ್ಕೆ 100, ಮೇಜಿನ ಮೇಲಿಡಲು. ಗಣ್ಯರ ಕಾರಿಗೆ 225ಕ್ಕೆ 150, ಅವರ ವಿಮಾನಕ್ಕೆ 450ಕ್ಕೆ 300. ಎಲ್ಲದರಲ್ಲೂ ಉದ್ದ ಮತ್ತು ಅಗಲ 3ಕ್ಕೆ 2.

ಕತ್ತರಿಸುವವರ ಲೆಕ್ಕ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. 900ಕ್ಕೆ 600ರ ಧ್ವಜದಲ್ಲಿ ಪ್ರತಿ ಪಟ್ಟಿಯೂ ಕೊನೆಗೆ 200 ಮಿಲಿಮೀಟರ್ ಕಾಣಬೇಕು. ಬಿಳಿ ಪಟ್ಟಿ ಎರಡೂ ಅಂಚಿನಲ್ಲಿ ಇನ್ನೊಂದು ಪಟ್ಟಿಗೆ ಕೂಡಿಕೊಳ್ಳುತ್ತದೆ. ಕೇಸರಿ ಮತ್ತು ಹಸಿರು ಒಂದು ಅಂಚಿನಲ್ಲಿ ಕೂಡಿಕೊಂಡು ಇನ್ನೊಂದು ಅಂಚಿನಲ್ಲಿ ಮಡಿಚಿಕೊಳ್ಳುತ್ತವೆ. ಕೂಡುವ ಹೊಲಿಗೆ ತಿನ್ನುವ ಬಟ್ಟೆ ಬೇರೆ, ಅಂಚಿನ ಮಡಿಕೆ ತಿನ್ನುವುದು ಬೇರೆ. ಇವೆಲ್ಲ ಕಳೆದ ಮೇಲೆ ಮೂರೂ ಸರಿಸಮ ಆಗಬೇಕೆಂದರೆ ಕತ್ತರಿಸುವಾಗಲೇ ಕಳೆಯುವುದನ್ನೆಲ್ಲ ಕೂಡಿಟ್ಟುಕೊಂಡಿರಬೇಕು.

ಚಕ್ರದ ಮುದ್ರಣ ಹೊಲಿಗೆಗಿಂತ ಮೊದಲು ನಡೆಯುತ್ತದೆ. ಆದ್ದರಿಂದ ಇನ್ನೂ ಹೊಲಿಯದ ಬಿಳಿ ತುಂಡಿನಲ್ಲಿ, ಹೊಲಿದ ಮೇಲಿನ ನಡುಬಿಂದು ಎಲ್ಲಿ ಬೀಳುತ್ತದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಕಂಬದ ಬದಿಗೆ ಡಕ್ ಪಟ್ಟಿ ಬರುತ್ತದೆ, ಹಾರುವ ಬದಿಯಲ್ಲಿ ಅಂಚು ಮಡಿಚಿಕೊಳ್ಳುತ್ತದೆ. ತುಂಡಿನ ನಡುವೇ ಬೇರೆ, ಧ್ವಜದ ನಡುವೇ ಬೇರೆ.

ಧ್ವಜದಲ್ಲಿ ಚಕ್ರ ಬಂದ ಕಾರಣದಲ್ಲೇ ಕುಶಲಕರ್ಮಿಗೆ ಸಂಬಂಧಿಸಿದ ಒಂದು ಮಾತಿದೆ. ಸ್ವಾತಂತ್ರ್ಯ ಚಳವಳಿಯ ಬಾವುಟದ ನಡುವೆ ಇದ್ದದ್ದು ಚರಕ. ಚರಕಕ್ಕೆ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು. ಬಾವುಟದ ಹಿಂದಿನಿಂದ ನೋಡಿದರೆ ಅದು ತಿರುವುಮುರುವಾಗಿ ಕಾಣುತ್ತದೆ. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಧ್ವಜದ ನಿರ್ಣಯ ಮಂಡಿಸುತ್ತ ಜವಾಹರಲಾಲ್ ನೆಹರೂ ಈ ತೊಡಕನ್ನೇ ವಿವರಿಸಿದರು. ಚರಕದ ಚಕ್ರವನ್ನು ಮಾತ್ರ ಉಳಿಸಿಕೊಂಡು, ಅದಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರದ ರೂಪ ಕೊಡಲಾಯಿತು. ಎಡಬಲ ಒಂದೇ ಆದ್ದರಿಂದ ಇದನ್ನು ಯಾವ ಬದಿಯಿಂದ ನೋಡಿದರೂ ವ್ಯತ್ಯಾಸವಿಲ್ಲ. ಮಿಕ್ಕ ಬಟ್ಟೆಗಳಿಗೆಲ್ಲ ಹೊರಮೈ, ಒಳಮೈ ಎಂದಿರುತ್ತದೆ. ಧ್ವಜಕ್ಕೆ ಎರಡೂ ಹೊರಮೈಯೇ. ಚಕ್ರ ಎರಡೂ ಬದಿಯಲ್ಲಿ ಪೂರ್ತಿಯಾಗಿ ಕಾಣಬೇಕೆಂದು ಧ್ವಜ ಸಂಹಿತೆಯೂ ಹೇಳುತ್ತದೆ.

ನಕ್ಷೆಯವರಿಗೆ ಇದರಿಂದ ಕೆಲಸ ಹಗುರಾಯಿತು, ಮುದ್ರಿಸುವವರಿಗೆ ಮಾತ್ರ ಭಾರವಾಯಿತು. ಚಕ್ರದಲ್ಲಿ 24 ಅರಗಳಿವೆ, ಅಂದರೆ ಅರದಿಂದ ಅರಕ್ಕೆ 15 ಡಿಗ್ರಿ. ಪ್ರತಿ ಅರವೂ ನಡುವೆ ತುಸು ಅಗಲವಾಗಿ ಎರಡೂ ತುದಿಗೆ ಚೂಪಾಗುತ್ತದೆ. ಅರ ಮತ್ತು ಅರದ ನಡುವೆ, ಬಳೆಯ ಒಳಬದಿಗೆ ಅಂಟಿದಂತೆ ಒಂದೊಂದು ಸಣ್ಣ ಉಬ್ಬು, ಅವೂ 24. ಇದನ್ನು ಅಚ್ಚಿಸುವುದು ಸ್ಕ್ರೀನ್ ಮುದ್ರಣದಿಂದ. ಚೌಕಟ್ಟಿಗೆ ಬಿಗಿದ ಬಲು ನಯವಾದ ಜಾಲರಿಯಲ್ಲಿ ಚಕ್ರದ ಭಾಗವನ್ನಷ್ಟೇ ತೆರೆದಿಟ್ಟು ಉಳಿದದ್ದನ್ನು ಮುಚ್ಚಿರುತ್ತಾರೆ. ಬಿಳಿ ತುಂಡಿನ ಮೇಲೆ ಚೌಕಟ್ಟನ್ನು ಕೂರಿಸಿ, ಕಡುನೀಲಿ ಬಣ್ಣ ಹಾಕಿ, ರಬ್ಬರ್ ಪಟ್ಟಿಯಿಂದ ಒಂದೇ ಒತ್ತಡದಲ್ಲಿ ಎಳೆಯುತ್ತಾರೆ. ಬಣ್ಣ ತೆಳುವಾದರೆ ಎಳೆಗಳ ಗುಂಟ ಹಬ್ಬಿ ಅರದ ತುದಿ ಮೊಂಡಾಗುತ್ತದೆ. ಗಟ್ಟಿಯಾದರೆ ನೂಲಿನ ಉಬ್ಬು ಇರುವಲ್ಲಿ ಹಿಡಿಯದೆ ಬಿಳಿ ಚುಕ್ಕೆ ಉಳಿಯುತ್ತದೆ. ಚರಕದ ಮುಂದೆ ಗಂಟಿಲ್ಲದಂತೆ ಎಳೆ ಕೂಡಿಸಿದವರ ಶ್ರಮ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಒಂದು ಬದಿ ಒಣಗಿದ ಮೇಲೆ ತುಂಡನ್ನು ಮಗುಚಿ ಇನ್ನೊಂದು ಬದಿಯಲ್ಲೂ ಅಚ್ಚಿಸಬೇಕು. ಹೊಸ ಚಕ್ರ ಹಳೆಯದರ ನೇರ ಹಿಂದೆ ಬಂದು ಕೂರಬೇಕು, ಒಂದೊಂದು ಅರವೂ ತನ್ನ ಜೊತೆಯ ಅರದ ಬೆನ್ನಿಗೆ. ಬಟ್ಟೆ ಕಾಗದದಂತೆ ನಿಲ್ಲುವ ವಸ್ತುವಲ್ಲ. ಮೇಜಿನ ಮೇಲೆ ಹಾಸುವಾಗ ಒಂದು ಮೂಲೆ ತುಸು ಎಳೆದರೂ ವೃತ್ತ ಮೊಟ್ಟೆಯಾಗುತ್ತದೆ. ಒಂದು ಮಿಲಿಮೀಟರ್ ಸರಿದರೆ ಮೇಜಿನ ಮೇಲೆ ಗೊತ್ತಾಗದಿರಬಹುದು, ಆದರೆ ಬೆಳಕಿಗೆ ಹಿಡಿದಾಗ ಪ್ರತಿ ಅರಕ್ಕೂ ಒಂದು ನೆರಳು ಮೂಡಿ 24 ಅರ 48ರಂತೆ ಕಾಣುತ್ತದೆ. ಧ್ವಜವನ್ನು ನಾವು ನೋಡುವುದು ಹಾಗೆಯೇ, ತಲೆಯೆತ್ತಿ, ಆಕಾಶದ ಬೆಳಕಿಗೆ ಎದುರಾಗಿ.

ಚಕ್ರದ ಗಾತ್ರಗಳ ಪಟ್ಟಿಯನ್ನು ನಿಧಾನವಾಗಿ ಓದಿದರೆ ಇನ್ನೊಂದು ಸೂಕ್ಷ್ಮ ಕಾಣುತ್ತದೆ. 900ಕ್ಕೆ 600ರ ಧ್ವಜದ ಬಿಳಿ ಪಟ್ಟಿ 200 ಮಿಲಿಮೀಟರ್, ಚಕ್ರದ ವ್ಯಾಸ 185. ಮೇಲೆ ಕೆಳಗೆ ಉಳಿಯುವುದು ಏಳೂವರೆ ಮಿಲಿಮೀಟರ್ ಮಾತ್ರ. ಹೊಲಿಗೆ ಸ್ವಲ್ಪ ಓರೆಯಾದರೂ ಕಣ್ಣಿಗೆ ಹೊಡೆಯುವಷ್ಟು ಇಕ್ಕಟ್ಟು. ಅತಿ ದೊಡ್ಡ ಧ್ವಜದಲ್ಲಿ 1,400ರ ಪಟ್ಟಿಗೆ 1,295ರ ಚಕ್ರ; ಪ್ರಮಾಣ ಅದೇ. ಆದರೆ ಕಾರಿನ ಧ್ವಜಕ್ಕೆ ಬಂದಾಗ 50ರ ಪಟ್ಟಿಗೆ 40 ಮಾತ್ರ, ಮೇಜಿನ ಧ್ವಜದಲ್ಲಿ 25. ಧ್ವಜ ಚಿಕ್ಕದಾದಂತೆ ಚಕ್ರ ಅದಕ್ಕಿಂತ ಹೆಚ್ಚು ಚಿಕ್ಕದಾಗುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ: ಧ್ವಜ ಎಷ್ಟೇ ಕುಗ್ಗಿದರೂ ಹೊಲಿಗೆಯ ಮಡಿಕೆ ಅಷ್ಟು ಕುಗ್ಗುವುದಿಲ್ಲ. ಪಟ್ಟಿ ಬರೆದವರು ಹೊಲಿಯುವವರ ಪಕ್ಕ ಕೂತು ಬರೆದಂತಿದೆ.

ಹೊಲಿಗೆ ವಿಭಾಗದಲ್ಲೂ ಹೆಚ್ಚಿನವರು ಹೆಂಗಸರೇ. ಅಂಗಿಯ ಹೊಲಿಗೆಯಲ್ಲಿ ಬಟ್ಟೆಯ ಕಡಿದ ಅಂಚು ಒಳಗಡೆ ಉಳಿದರೆ ಯಾರೂ ಕೇಳುವುದಿಲ್ಲ. ಇಲ್ಲಿ ಒಳಗಡೆ ಎಂಬುದೇ ಇಲ್ಲ. ಕೇಸರಿಯ ಅಂಚು, ಬಿಳಿಯ ಅಂಚು ಎರಡನ್ನೂ ಮಡಿಚಿ, ಎರಡು ಕೈಗಳ ಬಾಗಿದ ಬೆರಳು ಒಂದಕ್ಕೊಂದು ಸಿಕ್ಕಿಸಿಕೊಂಡ ಹಾಗೆ ಒಂದರೊಳಗೊಂದು ಸೇರಿಸಿ ಹೊಲಿದರೆ ಎಳೆ ಬಿಚ್ಚುವ ಅಂಚು ಯಾವ ಬದಿಗೂ ಕಾಣುವುದಿಲ್ಲ. ಉದ್ದಕ್ಕೂ ಮಡಿಕೆಯ ಅಗಲ ಒಂದೇ ಇರಬೇಕು. ಕೈ ಒಂದು ಗಳಿಗೆ ಸಡಿಲಿಸಿದರೆ ಒಂದು ತುದಿಯಲ್ಲಿ ಬಿಳಿ 200, ಇನ್ನೊಂದು ತುದಿಯಲ್ಲಿ 198. ಗಾಳಿ ಮೊದಲು ಹರಿಯುವುದು ಹಾರುವ ಬದಿಯ ಅಂಚನ್ನು. ಅಲ್ಲಿ ಮೂಲೆಗಳ ಹೊಲಿಗೆಗೆ ವಿಶೇಷ ನಿಗಾ.

ಕೊನೆಗೆ ಡಕ್ ಪಟ್ಟಿ ಕೂರಿಸಿ, ಒಳಗೆ ಹಗ್ಗ ಹಾಯಿಸಿ, ಮೇಲಿನ ತುದಿಗೆ ‘ಟಾಗಲ್’ ಎಂಬ ಮರದ ಗುಂಡಿ ಕಟ್ಟುತ್ತಾರೆ. ಕಂಬದ ಹಗ್ಗದ ಕುಣಿಕೆಗೆ ಈ ಗುಂಡಿಯನ್ನು ಸಿಕ್ಕಿಸಿದರೆ ಆಯಿತು. ಗುಂಡಿ ಕೇಸರಿಯ ಕಡೆಯಲ್ಲಷ್ಟೇ ಇರುವುದರಿಂದ, ಸರಿಯಾಗಿ ಕಟ್ಟುವವರ ಕೈಯಲ್ಲಿ ಧ್ವಜ ತಲೆಕೆಳಗಾಗುವ ಸಂಭವ ಕಡಿಮೆ.

ಆಮೇಲೆ ಪರೀಕ್ಷೆ. ಆಮೇಲೆ ಎನ್ನುವುದೂ ಪೂರ್ತಿ ಸರಿಯಲ್ಲ, ನೂಲಿನಿಂದ ಮಡಿಕೆಯವರೆಗೆ ಒಂದು ಧ್ವಜ 18 ಸಲ ತಪಾಸಣೆಗೆ ಒಳಗಾಗುತ್ತದೆ ಎಂಬುದು ಇಲ್ಲಿ ರೂಢಿಯ ಮಾತು. ಬಟ್ಟೆಯ ಬಲ, ತೂಕ, ಎಳೆಯ ಎಣಿಕೆ, ಬಣ್ಣದ ಗಟ್ಟಿತನ, ಅಳತೆ, ಚಕ್ರದ ಸ್ಥಾನ. ಸಾಮಾನ್ಯ ಬಟ್ಟೆಯಲ್ಲಿ ಸಣ್ಣ ಲೋಪವಿದ್ದರೆ ಬೆಲೆ ಇಳಿಸಿ ಸೆಕೆಂಡ್ಸ್ ಎಂದು ಮಾರಿಬಿಡುತ್ತಾರೆ. ಧ್ವಜದಲ್ಲಿ ಎರಡನೇ ದರ್ಜೆ ಇಲ್ಲ. ಐಎಸ್‌ಐ ಮುದ್ರೆ ಬೀಳದಿದ್ದರೆ ಅಷ್ಟು ನೂಲು, ನೇಯ್ಗೆ, ಬಣ್ಣ, ಹೊಲಿಗೆ ಎಲ್ಲ ನಷ್ಟದ ಬಾಬತ್ತು.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಿಸಿದ ಧ್ವಜಕ್ಕೆ, ಪಾಲಿಯೆಸ್ಟರ್ ಬಟ್ಟೆಗೆ ಅವಕಾಶ ಸಿಕ್ಕಿತು. 2022ರ ಆಗಸ್ಟ್‌ನಲ್ಲಿ ಮನೆ ಮನೆಯ ಮೇಲೆ ಧ್ವಜ ಹಾರಿಸುವ ಅಭಿಯಾನ ನಡೆದಾಗ ಅಂಗಡಿಗಳಲ್ಲಿ ತುಂಬಿಕೊಂಡದ್ದು ಹೆಚ್ಚಾಗಿ ಅವೇ. ಅದಕ್ಕೆ ಮುಂಚೆ ಬೆಂಗೇರಿಯಲ್ಲಿ ಈ ತಿದ್ದುಪಡಿಯನ್ನು ವಿರೋಧಿಸಿ ಪ್ರತಿಭಟನೆಯೂ ನಡೆಯಿತು. ಬೆಲೆಯ ಪೈಪೋಟಿಯಲ್ಲಿ ಖಾದಿ ಗೆಲ್ಲುವುದು ಕಷ್ಟ, ಅದರ ಕಾರಣ ಮೇಲಿನ ವಿವರಗಳಲ್ಲೇ ಇದೆ. ಎಷ್ಟು ಕೈ ದಾಟಿ ಬಂದಿದೆಯೋ ಅಷ್ಟು ಕೂಲಿ ಅದರ ಬೆಲೆಯೊಳಗಿದೆ.

ಸಮಯದ ಲೆಕ್ಕವೂ ಹಾಗೆಯೇ. ಧ್ವಜಕ್ಕೆ ಬೇಡಿಕೆ ವರ್ಷವಿಡೀ ಸಮನಾಗಿ ಬರುವುದಿಲ್ಲ. ಜನವರಿ 26 ಮತ್ತು ಆಗಸ್ಟ್ 15ರ ಹಿಂದಿನ ವಾರಗಳಲ್ಲಿ ಒಮ್ಮೆಲೇ ಬಂದು ಬೀಳುತ್ತದೆ. ಚರಕದ ವೇಗ ಮಾತ್ರ ತಾರೀಕು ನೋಡಿ ಏರುವುದಿಲ್ಲ, ಏರಿಸಿದರೆ ನೂಲು ಕೆಡುತ್ತದೆ. ಹಾಗಾಗಿ ಆಗಸ್ಟ್‌ನ ಧ್ವಜಕ್ಕೆ ಬೇಕಾದ ನೂಲು, ಬಟ್ಟೆ ತಿಂಗಳುಗಟ್ಟಲೆ ಮೊದಲೇ ಸಿದ್ಧವಾಗುತ್ತ ಬರಬೇಕು. ಜುಲೈನಲ್ಲಿ ದೊಡ್ಡ ಬೇಡಿಕೆ ಬಂದರೆ ಹೊಲಿಗೆಯವರು ಇನ್ನಷ್ಟು ಹೊತ್ತು ಕೂತು ನಿಭಾಯಿಸಬಲ್ಲರು, ಗೋದಾಮಿನಲ್ಲಿ ಬಟ್ಟೆ ಇದ್ದರೆ.